ಬರೆವಣಿಗೆಯ ಕಲೆಯೂ ಇಂಗ್ಲಿಷ್ ಶಬ್ದಗಳ ಪದರಗಳೂ

ಇಂಗ್ಲಿಷಿನಲ್ಲಿ ಒಂದು ಪ್ರಬಂಧವನ್ನು ಬರೆದು ತರುವಂತೆ ಹೇಳಿದರೆ ನಮ್ಮ ಕಾಲೇಜು ವಿದ್ಯಾರ್ಥಿಗಳಲ್ಲಿ ಅನೇಕರು ‘ಬಿಗಿನ್’ ಎನ್ನಬಹುದಾದ ಎಡೆಯಲ್ಲಿ ‘ಕಮೆನ್ಸ್’ ಎಂದೂ, ‘ಎಂಡ್’ ಎನ್ನಬಹುದಾದ ಎಡೆಯಲ್ಲಿ ‘ಟರ್ಮಿನೇಟ್’ ಎಂದೂ, ‘ಹೆಲ್ಪ್’ ಸಾಕಾಗಿದ್ದ ಎಡೆಯಲ್ಲಿ ‘ಅಸಿಸ್ಟ್’ ಎಂದೂ ಬರೆಯುವುದು ಅಧ್ಯಾಪಕರಿಗೆಲ್ಲ ಪರಿಚಿತವಾದ ಸಂಗತಿ. ವ್ಯಾಕರಣದ ದೃಷ್ಟಿಯಿಂದ ಇದರಲ್ಲಿ ದೋಷವಿಲ್ಲ. ಅಂಕವನ್ನು ಕಳೆಯುವುದಕ್ಕೆ ಕಾರಣವೂ ಸಿಕ್ಕುವುದಿಲ್ಲ. ಆದರೂ ಓದುತ್ತ ಹೋದಂತೆ, ಬರೆದವನು ಆ ಬರಹದೊಳಗೆ ಎಲ್ಲಿಯೂ ಇಲ್ಲವೆಂಬ ಭಾವನೆ ಮೂಡುತ್ತದೆ. ಅದೇ ವಿದ್ಯಾರ್ಥಿಯು ಕನ್ನಡದಲ್ಲಿ ಕಥೆ ಬರೆಯತೊಡಗಿದಾಗ ಅವನ ಕಥೆಯ ರೈತನು ಉಣ್ಣುವುದಿಲ್ಲ, ‘ಭೋಜನವನ್ನು ಸ್ವೀಕರಿಸುತ್ತಾನೆ’. ಮಗು ಅಳುವುದಿಲ್ಲ, ‘ರೋದಿಸುತ್ತದೆ’. ಎರಡು ಭಾಷೆಗಳಲ್ಲಿಯೂ ರೋಗ ಒಂದೇ. ಸಮಾನಾರ್ಥಕವೆಂದು ನಿಘಂಟು ಹೇಳುವ ಶಬ್ದಗಳು ಅರ್ಥದಲ್ಲಿ ಒಂದೇ ಆಗಿದ್ದು ಗೌರವದಲ್ಲಿ ಮಾತ್ರ ಹೆಚ್ಚುಕಡಮೆಯಾಗಿವೆಯೆಂದೂ, ಉದ್ದವಾದ ಶಬ್ದಕ್ಕೆ ಗೌರವ ಹೆಚ್ಚೆಂದೂ ಅವನು ನಂಬಿಕೊಂಡಿದ್ದಾನೆ. ಈ ನಂಬಿಕೆಯು ಹೇಗೆ ತಪ್ಪೆಂಬುದನ್ನು ಇಂಗ್ಲಿಷ್ ಶಬ್ದಗಳ ಕೆಲವು ವೈಚಿತ್ರ್ಯಗಳ ಮೂಲಕ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಬರೆವಣಿಗೆಯ ಕಲೆಯನ್ನು ಕಲಿಸಬಹುದೇ ಎಂಬ ಪ್ರಶ್ನೆ ಹಳೆಯದು. ನಮ್ಮ ಆಲಂಕಾರಿಕರು ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸ ಎಂಬ ಮೂರನ್ನು ಕಾವ್ಯಕ್ಕೆ ಹೇತುಗಳೆಂದು ಹೇಳಿದರು. ಮೊದಲನೆಯದನ್ನು ಯಾರೂ ಯಾರಿಗೂ ಕೊಡಲಾರರು. ಉಳಿದೆರಡು ಕಲಿಕೆಗೆ ಒಳಪಟ್ಟವು. ರಾಜಶೇಖರನು ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಕವಿಯಾಗಬೇಕೆನ್ನುವವನ ದಿನಚರಿಯನ್ನು ಕೂಡ ವಿಧಿಸಿದ್ದಾನೆ. ಅಮೆರಿಕದ ಅಯೋವ ವಿಶ್ವವಿದ್ಯಾನಿಲಯದಲ್ಲಿ ೧೯೩೬ರಲ್ಲಿಯೂ ಇಂಗ್ಲೆಂಡಿನ ಈಸ್ಟ್ ಆಂಗ್ಲಿಯ ವಿಶ್ವವಿದ್ಯಾನಿಲಯದಲ್ಲಿ ೧೯೭೦ರಲ್ಲಿಯೂ ಸೃಜನಾತ್ಮಕ ಬರೆವಣಿಗೆಯ ಶಿಕ್ಷಣಕ್ರಮಗಳು ಏರ್ಪಟ್ಟಾಗ, ಹೊಸದೆಂದು ಕೈಗೊಂಡ ಆ ಕಾರ್ಯವು ನಮ್ಮ ‘ಕವಿಶಿಕ್ಷೆ’ಗೆ ತೀರ ದೂರದ್ದೇನೂ ಆಗಿರಲಿಲ್ಲ. ವ್ಯುತ್ಪತ್ತಿಯೆಂಬ ಶಬ್ದಕ್ಕೆ ಲೋಕಶಾಸ್ತ್ರಗಳ ಪರಿಜ್ಞಾನವೆಂಬ ಅರ್ಥವೂ ಉಂಟು, ಶಬ್ದದ ಹುಟ್ಟನ್ನು ಬಿಡಿಸಿ ನೋಡುವುದೆಂಬ ಅರ್ಥವೂ ಉಂಟು. ಬರೆಯುವವನಿಗೆ ಎರಡನೆಯದು ಮೊದಲನೆಯದರ ಬಾಗಿಲೆಂದು ನಾವು ಭಾವಿಸುತ್ತೇವೆ.

ಇಂಗ್ಲಿಷ್ ಭಾಷೆಯ ಶಬ್ದಕೋಶವು ನೆಲದಲ್ಲಿ ಮಣ್ಣು ಕೂಡಿಬಂದಂತೆ ಪದರ ಪದರವಾಗಿ ಕೂಡಿಬಂದದ್ದು. ಐದನೆಯ ಶತಮಾನದಲ್ಲಿ ಉತ್ತರ ಸಮುದ್ರವನ್ನು ದಾಟಿ ಬ್ರಿಟನ್ನಿಗೆ ಬಂದ ಆಂಗ್ಲರು, ಸ್ಯಾಕ್ಸನರು ಮೊದಲಾದ ಜರ್ಮಾನಿಕ ಜನಗಳ ನುಡಿಯೇ ಅದರ ತಳಹದಿ. ಅದರ ಮೇಲೆ ಎಂಟು ಒಂಬತ್ತನೆಯ ಶತಮಾನಗಳಿಂದ ಮೊದಲುಗೊಂಡು ಸ್ಕ್ಯಾಂಡಿನೇವಿಯದ ವೈಕಿಂಗರ ನುಡಿ ಬಂದು ಸೇರಿತು. ೧೦೬೬ರಲ್ಲಿ ಹೇಸ್ಟಿಂಗ್ಸ್ ಯುದ್ಧವನ್ನು ಗೆದ್ದು ನಾರ್ಮಂಡಿಯ ವಿಲಿಯಮ್ಮನು ದೊರೆಯಾದಮೇಲೆ ಫ್ರೆಂಚು ಅರಮನೆಯ, ನ್ಯಾಯಸ್ಥಾನದ, ಮೇಲ್ವರ್ಗದ ನುಡಿಯಾಯಿತು. ನ್ಯಾಯಾಲಯಗಳ ವಾದವಿವಾದಗಳು ಇಂಗ್ಲಿಷಿನಲ್ಲಿ ನಡೆಯಬೇಕೆಂದು ೧೩೬೨ರಲ್ಲಿ ಒಂದು ಶಾಸನವೇ ಆಗಬೇಕಾಯಿತು. ಆ ಶಾಸನವನ್ನು ಬರೆದದ್ದು ಮಾತ್ರ ಫ್ರೆಂಚಿನಲ್ಲಿ! ಆಮೇಲೆ ವಿದ್ಯಾಪುನರುಜ್ಜೀವನದ ಕಾಲದಲ್ಲಿ ಪಂಡಿತರು ಲ್ಯಾಟಿನ್ ಗ್ರೀಕ್ ಗ್ರಂಥಗಳಿಂದ ಶಬ್ದಗಳನ್ನು ನೇರವಾಗಿ ಎತ್ತಿ ತಂದರು.

ಈ ಪದರಗಳು ಒಂದರ ಮೇಲೊಂದು ಕುಳಿತ ಕಾರಣದಿಂದಲೇ ಇಂಗ್ಲಿಷಿನಲ್ಲಿ ಒಂದು ಭಾವಕ್ಕೆ ಎರಡು ಮೂರು ಶಬ್ದಗಳಿರುವುದು. ‘ಆಸ್ಕ್’ ಎಂಬುದು ತಳದ ನುಡಿ, ‘ಕ್ವೆಶ್ಚನ್’ ಫ್ರೆಂಚಿನಿಂದ ಬಂದದ್ದು, ‘ಇಂಟೆರೊಗೇಟ್’ ಲ್ಯಾಟಿನ್ನಿನದು. ಹಾಗೆಯೇ ‘ಫಿಯರ್’, ‘ಟೆರರ್’, ‘ಟ್ರೆಪಿಡೇಷನ್’. ‘ಕಿಂಗ್‌ಲಿ’, ‘ರಾಯಲ್’, ‘ರೀಗಲ್’. ಕನ್ನಡ ವಿದ್ಯಾರ್ಥಿಗೆ ಈ ಏರ್ಪಾಡು ವಿಚಿತ್ರವೆನಿಸಬೇಕಾದ್ದಿಲ್ಲ. ದೇಶ್ಯ, ತದ್ಭವ, ತತ್ಸಮ, ಅನ್ಯದೇಶ್ಯ ಎಂಬ ವಿಂಗಡಣೆಯನ್ನು ಅವನು ಶಾಲೆಯಲ್ಲಿಯೇ ಓದಿರುತ್ತಾನೆ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದ ಅಪಭ್ರಂಶಪ್ರಕರಣದಲ್ಲಿ ಸಂಸ್ಕೃತ ಶಬ್ದವು ಕನ್ನಡದ ಬಾಯಲ್ಲಿ ಹೇಗೆ ಮಾರ್ಪಡುತ್ತದೆಂಬುದನ್ನು ಕ್ರಮವಾಗಿ ತೋರಿಸಿದ್ದಾನೆ. ಈ ಜ್ಞಾನವನ್ನು ಪರೀಕ್ಷೆಯ ಕೊಠಡಿಯಲ್ಲಿಯೇ ಬಿಟ್ಟು ಬರುವುದರಿಂದ ಇಂಗ್ಲಿಷ್ ತರಗತಿಯಲ್ಲಿ ಅದು ಉಪಯೋಗಕ್ಕೆ ಬರುವುದಿಲ್ಲ, ಅಷ್ಟೆ.

ಒಂದು ಉದಾಹರಣೆಯನ್ನು ನೋಡಬಹುದು. ಲ್ಯಾಟಿನ್ನಿನಲ್ಲಿ ಆಸ್ತಿಯನ್ನು ಸೂಚಿಸುತ್ತಿದ್ದ ‘ಕಪಿಟಾಲೆ’ ಎಂಬ ಒಂದೇ ಶಬ್ದವು ನಾರ್ಮನ್ ಫ್ರೆಂಚಿನ ದಾರಿಯಲ್ಲಿ ‘ಕ್ಯಾಟಲ್’ ಆಗಿ, ಬೇರೊಂದು ಫ್ರೆಂಚ್ ಉಪಭಾಷೆಯ ದಾರಿಯಲ್ಲಿ ‘ಚ್ಯಾಟೆಲ್’ ಆಗಿ, ಪಂಡಿತರ ದಾರಿಯಲ್ಲಿ ‘ಕ್ಯಾಪಿಟಲ್’ ಆಗಿ ಇಂಗ್ಲಿಷಿಗೆ ಮೂರು ಸಲ ಬಂದಿತು. ಮೊದಲನೆಯದು ಕೊಟ್ಟಿಗೆಯ ದನ, ಎರಡನೆಯದು ವಕೀಲರ ಚರಸ್ವತ್ತು, ಮೂರನೆಯದು ವರ್ತಕರ ಬಂಡವಾಳ. ಸಂಸ್ಕೃತದ ‘ಧನ’ವು ಕನ್ನಡದಲ್ಲಿ ತತ್ಸಮವಾಗಿ ಐಶ್ವರ್ಯವೆಂಬ ಅರ್ಥವನ್ನು ಉಳಿಸಿಕೊಂಡು, ‘ದನ’ವೆಂಬ ತದ್ಭವವಾಗಿ ಕೊಟ್ಟಿಗೆಯನ್ನು ಸೇರಿಕೊಂಡಿರುವುದನ್ನು ಬಲ್ಲ ನಮ್ಮ ವಿದ್ಯಾರ್ಥಿಗೆ ‘ಕ್ಯಾಟಲ್’, ‘ಕ್ಯಾಪಿಟಲ್’ಗಳ ಸಂಬಂಧವನ್ನು ವಿವರಿಸಲು ಎರಡು ನಿಮಿಷ ಬೇಕಾಗುವುದಿಲ್ಲ. ಆಸ್ತಿಯೆಂದರೆ ಹಸು ಎತ್ತುಗಳೇ ಆಗಿದ್ದ ಕಾಲವೊಂದು ಎರಡು ದೇಶಗಳ ಮಾತಿನಲ್ಲಿಯೂ ಗುರುತು ಬಿಟ್ಟು ಹೋಗಿದೆ. ಇನ್ನು, ಅತಿಥಿಯೆಂಬ ಅರ್ಥದ ಲ್ಯಾಟಿನ್ ಮೂಲದಿಂದ ಬಂದ ‘ಹೋಟೆಲು’, ‘ಹಾಸ್ಟೆಲು’, ‘ಆಸ್ಪತ್ರೆ’ ಮೂರೂ ಈಗ ಕನ್ನಡವೇ ಆಗಿಹೋಗಿವೆ. ಹಾಸ್ಟೆಲಿನಲ್ಲಿದ್ದು ಹೋಟೆಲಿನಲ್ಲಿ ಉಂಡು ಆಸ್ಪತ್ರೆಯನ್ನು ಸೇರುವ ವಿದ್ಯಾರ್ಥಿಯು ಮೂರು ಕಡೆಯೂ ಶಬ್ದಶಃ ಅತಿಥಿಯೇ ಆಗಿರುತ್ತಾನೆ.

ಪದರಗಳ ವಿಷಯದಲ್ಲಿ ಬಹಳ ಪ್ರಚಾರ ಪಡೆದಿರುವ ಒಂದು ಮಾತುಂಟು. ಜೀವಂತ ಪ್ರಾಣಿಗೆ ಸ್ಯಾಕ್ಸನ್ ಹೆಸರು, ಅದರ ಮಾಂಸಕ್ಕೆ ಫ್ರೆಂಚ್ ಹೆಸರು ಎಂಬುದೇ ಅದು: ‘ಆಕ್ಸ್’, ‘ಬೀಫ್’, ‘ಷೀಪ್’, ‘ಮಟನ್’, ‘ಕಾಫ್’, ‘ವೀಲ್’, ‘ಸ್ವೈನ್’, ‘ಪೋರ್ಕ್’. ಸಾಕುವವನು ಸೋತ ಸ್ಯಾಕ್ಸನ್, ತಿನ್ನುವವನು ಗೆದ್ದ ನಾರ್ಮನ್ ಎಂಬ ವ್ಯಾಖ್ಯಾನವನ್ನು ಜನಪ್ರಿಯಗೊಳಿಸಿದವನು ವಾಲ್ಟರ್ ಸ್ಕಾಟ್. ೧೮೧೯ರ ಕೊನೆಯಲ್ಲಿ ಹೊರಬಂದ ‘ಐವನ್‌ಹೋ’ ಕಾದಂಬರಿಯ ಮೊದಲ ಅಧ್ಯಾಯದಲ್ಲಿ ವಿದೂಷಕನಾದ ವಾಂಬನು ಹಂದಿ ಕಾಯುವ ಗರ್ತ್‌ನಿಗೆ ಇದನ್ನು ವಿನೋದವಾಗಿ ಬೋಧಿಸುತ್ತಾನೆ. ಸೊಗಸಾದ ಕಲ್ಪನೆ; ಆದರೆ ಅರ್ಧ ಸತ್ಯ. ಫ್ರೆಂಚಿನಿಂದ ಬಂದ ಈ ಶಬ್ದಗಳು ಮಧ್ಯಕಾಲದ ಇಂಗ್ಲಿಷಿನಲ್ಲಿ ಜೀವಂತ ಪ್ರಾಣಿಗೂ ಸಲ್ಲುತ್ತಿದ್ದುವು. ‘ಬೀಫ್’ ಎಂಬುದರ ಬಹುವಚನವಾದ ‘ಬೀವ್ಸ್’ ದನಗಳೆಂಬ ಅರ್ಥದಲ್ಲಿ ಬಹುಕಾಲ ನಡೆಯಿತು. ಕೊಟ್ಟಿಗೆಗೂ ಊಟದ ಮೇಜಿಗೂ ನಡುವಣ ಈ ಗೆರೆ ಕ್ರಮೇಣ ಶತಮಾನಗಳ ಬಳಕೆಯಿಂದ ಬಿದ್ದದ್ದು. ಒಂದೇ ಅರ್ಥದ ಎರಡು ಶಬ್ದಗಳು ಒಂದೇ ಮನೆಯಲ್ಲಿ ಬಹುಕಾಲ ಬಾಳಲಾರವು. ಒಂದು ಹೊರಟುಹೋಗುತ್ತದೆ, ಇಲ್ಲವೆ ಎರಡೂ ಮನೆಗೆಲಸವನ್ನು ಹಂಚಿಕೊಳ್ಳುತ್ತವೆ. ಈ ಹಂಚಿಕೆಯನ್ನು ಗುರುತಿಸುವುದೇ ಬರೆಯುವವನ ಮೊದಲ ಪಾಠ.

ಒಂದು ಶಬ್ದ ಹೊರಟುಹೋಗುವುದನ್ನು ಕಣ್ಣಾರೆ ಕಂಡವನು ಇಂಗ್ಲೆಂಡಿನ ಮೊದಲ ಮುದ್ರಕ ವಿಲಿಯಂ ಕ್ಯಾಕ್ಸ್‌ಟನ್. ೧೪೯೦ರಲ್ಲಿ ಅಚ್ಚಾದ ‘ಎನೈಡಾಸ್’ ಎಂಬ ಗ್ರಂಥಕ್ಕೆ ಅವನು ಬರೆದ ಮುನ್ನುಡಿಯಲ್ಲಿ ಒಂದು ಪ್ರಸಂಗವಿದೆ. ಥೇಮ್ಸ್ ನದಿಯಿಂದ ಹಡಗಿನಲ್ಲಿ ಹೊರಟ ವರ್ತಕರು ಗಾಳಿಯಿಲ್ಲದೆ ತಡೆದು ದಡಕ್ಕಿಳಿಯುತ್ತಾರೆ. ಅವರಲ್ಲೊಬ್ಬನು ಅಲ್ಲಿನ ಗೃಹಿಣಿಯನ್ನು ಮೊಟ್ಟೆ ಬೇಕೆಂದು ‘ಎಗ್ಸ್’ ಎಂಬ ಶಬ್ದದಿಂದ ಕೇಳುತ್ತಾನೆ. ತನಗೆ ಫ್ರೆಂಚು ಬಾರದೆಂದು ಆಕೆ ಹೇಳಿಬಿಡುತ್ತಾಳೆ. ಫ್ರೆಂಚು ತನಗೂ ಬಾರದ ಆ ವರ್ತಕನಿಗೆ ಕೋಪ ಬರುತ್ತದೆ. ಕೊನೆಗೆ ಇನ್ನೊಬ್ಬನು ‘ಐರೆನ್’ ಎಂದಮೇಲೆ ಆಕೆಗೆ ಅರ್ಥವಾಗುತ್ತದೆ. ‘ಐರೆನ್’ ತಳದ ಸ್ಯಾಕ್ಸನ್ ರೂಪ, ‘ಎಗ್’ ವೈಕಿಂಗರು ತಂದದ್ದು. ಯಾವ ರೂಪವನ್ನು ಅಚ್ಚಿಸಬೇಕೆಂಬುದು ಕ್ಯಾಕ್ಸ್‌ಟನ್ನನ ಕಷ್ಟವಾಗಿತ್ತು. ಇಂದು ‘ಐರೆನ್’ ಉಳಿದಿಲ್ಲ. ವೈಕಿಂಗರಿಂದ ಬಂದ ಶಬ್ದಗಳು ದೊಡ್ಡಸ್ತಿಕೆಯವಲ್ಲ. ‘ಸ್ಕೈ’, ‘ನೈಫ್’, ‘ಹಸ್ಬೆಂಡ್’, ಕೊನೆಗೆ ‘ದೇ’ ಎಂಬ ಸರ್ವನಾಮ ಕೂಡ ಅವರದೇ. ‘ವಿಂಡೋ’ ಎಂದರೆ ಅವರ ನುಡಿಯಲ್ಲಿ ‘ಗಾಳಿಯ ಕಣ್ಣು’. ಅದಕ್ಕೆ ಹಿಂದೆ ಇಂಗ್ಲಿಷರು ಕಿಟಕಿಯನ್ನು ‘ಕಣ್ಣಿನ ರಂಧ್ರ’ವೆಂಬ ಅರ್ಥದ ಸಮಾಸದಿಂದ ಕರೆಯುತ್ತಿದ್ದರು. ಸಂಸ್ಕೃತದ ‘ಗವಾಕ್ಷ’ವೆಂದರೆ ಗೋವಿನ ಕಣ್ಣು. ಗೋಡೆಯಲ್ಲಿ ತೆರೆದ ಕಂಡಿಯನ್ನು ಕಂಡೊಡನೆ ಕಣ್ಣಿನ ನೆನಪಾಗುವುದು ಯಾವ ಒಂದು ಜನಾಂಗದ ಸೊತ್ತೂ ಅಲ್ಲವೆಂದು ತೋರುತ್ತದೆ. ರೂಪಕವು ಕವಿಯ ಆಭರಣಪೆಟ್ಟಿಗೆಯಲ್ಲಿ ಮಾತ್ರ ಇರುವುದೆಂದು ತಿಳಿದಿರುವ ವಿದ್ಯಾರ್ಥಿಗೆ ಇಂತಹ ಹತ್ತು ಶಬ್ದಗಳನ್ನು ಬಿಡಿಸಿ ತೋರಿಸುವುದು ಒಳ್ಳೆಯದು.

ಹೀಗೆ ಕೂಡಿಬಂದ ಶಬ್ದರಾಶಿಯನ್ನು ಸಮರ್ಥನಾದ ಲೇಖಕನು ಹೇಗೆ ಬಳಸುತ್ತಾನೆ? ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕದ ಎರಡನೆಯ ಅಂಕದ ಎರಡನೆಯ ದೃಶ್ಯವನ್ನು ಇಲ್ಲಿ ಸ್ಮರಿಸಬೇಕು. ದೊರೆಯನ್ನು ಕೊಂದು ಬಂದ ಮ್ಯಾಕ್‌ಬೆತ್ತನು ರಕ್ತಸಿಕ್ತವಾದ ತನ್ನ ಕೈಗಳನ್ನು ನೋಡಿಕೊಂಡು, ಸಮುದ್ರವೆಲ್ಲ ಸೇರಿದರೂ ಇದನ್ನು ತೊಳೆಯಲಾರದು, ಬದಲಾಗಿ ಈ ಕೈಯೇ ಸಮುದ್ರವನ್ನು ಕೆಂಪಾಗಿಸೀತೆಂಬ ಭಾವದ ಮಾತನ್ನಾಡುತ್ತಾನೆ. ಅಲ್ಲಿ ಕವಿ ಮೊದಲು ಎರಡು ಭಾರಿಯ, ಬಹ್ವಕ್ಷರದ, ಲ್ಯಾಟಿನ್ ಕುಲದ ಶಬ್ದಗಳನ್ನು ಹೂಡುತ್ತಾನೆ. ಸಮುದ್ರದ ಅಪಾರತೆ, ಅಲೆಗಳ ಉರುಳಾಟ, ಆ ಮನಸ್ಸಿನ ಭ್ರಮಣೆ ಎಲ್ಲವೂ ಆ ಶಬ್ದಗಳ ಉದ್ದದಲ್ಲಿಯೇ ಕೇಳಿಸುತ್ತದೆ. ಒಡನೆಯೇ, ಮುಂದಿನ ಸಾಲಿನಲ್ಲಿ, ಅದೇ ಅರ್ಥವನ್ನು ಚಿಕ್ಕ ಚಿಕ್ಕ ದೇಸಿ ಶಬ್ದಗಳಲ್ಲಿ ಮತ್ತೆ ಹೇಳಿಸುತ್ತಾನೆ: ಹಸುರಾದದ್ದು ಕೆಂಪಾಗುತ್ತದೆ, ಅಷ್ಟೆ. ವಿದ್ವಾಂಸರಲ್ಲದ ಪ್ರೇಕ್ಷಕರಿಗಾಗಿ ಕವಿ ಅರ್ಥವನ್ನು ಬಿಡಿಸಿಟ್ಟನೆಂದು ಹೇಳುವವರುಂಟು. ಅದಿರಬಹುದು, ಆದರೆ ಅಷ್ಟೇ ಎಂದರೆ ಕಡಮೆಯಾಯಿತು. ಮೊದಲ ಸಾಲಿನಲ್ಲಿ ಮ್ಯಾಕ್‌ಬೆತ್ತನು ತನ್ನ ಪಾಪವನ್ನು ಭವ್ಯವಾಗಿ ಕಲ್ಪಿಸಿಕೊಳ್ಳುತ್ತಾನೆ. ಎರಡನೆಯದರಲ್ಲಿ ಅದನ್ನು ನೋಡುತ್ತಾನೆ. ಭವ್ಯತೆ ಕಳಚಿಬಿದ್ದು ಬರಿಯ ಬಣ್ಣ ಉಳಿಯುತ್ತದೆ. ಪದರದಿಂದ ಪದರಕ್ಕೆ ಇಳಿದ ಆ ಇಳಿತದಲ್ಲಿಯೇ ಭಯವಿದೆ. ಅಲ್ಲಿ ಬರುವ ‘ಇನ್‌ಕಾರ್ನಡೈನ್’ ಎಂಬುದು ಮಾಂಸದ ಬಣ್ಣವೆಂಬ ಅರ್ಥದ ಗುಣವಾಚಕವಾಗಿತ್ತು. ಕವಿ ಅದನ್ನು ಕ್ರಿಯಾಪದ ಮಾಡಿದನು. ಆ ಪ್ರಯೋಗದ ಬಲದಿಂದ ಆ ಶಬ್ದದ ಬಣ್ಣವೇ ಬದಲಾಗಿ ಅದು ರಕ್ತವರ್ಣವಾಗಿ ನಿಂತಿತು.

ಇದಕ್ಕೆ ವಿರುದ್ಧವಾದ ದೃಷ್ಟಾಂತ ಡಾಕ್ಟರ್ ಜಾನ್ಸನ್ನನದು. ೧೭೫೫ರಲ್ಲಿ ಮಹಾನಿಘಂಟನ್ನು ಪ್ರಕಟಿಸಿದ ಈ ವಿದ್ವಾಂಸನು ಮಾತಿನಲ್ಲಿ ಚುರುಕು, ಬರೆಹದಲ್ಲಿ ಭಾರ. ೧೬೭೧ರ ‘ದಿ ರಿಹರ್ಸಲ್’ ಎಂಬ ಪ್ರಹಸನದ ಮಾತು ಬಂದಾಗ, ಕೆಡದಂತೆ ಉಳಿಯುವಷ್ಟು ಹಾಸ್ಯ ಅದರಲ್ಲಿಲ್ಲವೆಂದು ಅವನು ಸಣ್ಣ ಸಣ್ಣ ಇಂಗ್ಲಿಷ್ ಶಬ್ದಗಳಲ್ಲಿ ಹೇಳಿದನಂತೆ. ಹೇಳಿದಮೇಲೆ ಅದು ತೀರ ಸರಳವಾಯಿತೆಂದು ತೋರಿ, ಅದೇ ಅಭಿಪ್ರಾಯವನ್ನು ಲ್ಯಾಟಿನ್ ಶಬ್ದಗಳಿಗೆ ಏರಿಸಿ ಎರಡನೆಯ ಸಲ ಹೇಳಿದನು. ಬಾಸ್ವೆಲ್ಲನು ೧೭೯೧ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯಲ್ಲಿ ಇದನ್ನು ದಾಖಲಿಸಿದ್ದಾನೆ. ಮೊದಲನೆಯದರಲ್ಲಿ ನಾಲಗೆಗೆ ರುಚಿ ತಟ್ಟುತ್ತದೆ. ಎರಡನೆಯದರಲ್ಲಿ ರಸಾಯನಶಾಲೆಯ ವಾಸನೆ. ಷೇಕ್ಸ್‌ಪಿಯರನು ಇಳಿದ ಮೆಟ್ಟಿಲನ್ನು ಜಾನ್ಸನ್ನನು ಹತ್ತಿದನು. ನಮ್ಮ ಪರೀಕ್ಷಾರ್ಥಿಗಳು ದಿನವೂ ಮಾಡುವುದು ಈ ಎರಡನೆಯ ಕೆಲಸವನ್ನೇ, ಜಾನ್ಸನ್ನನ ವಿದ್ವತ್ತೊಂದನ್ನುಳಿದು.

ಇದನ್ನು ಕಂಡು ಬೇಸತ್ತವರು ತಳದ ಪದರವೊಂದೇ ಸಾಕೆಂದು ಹಟ ಹಿಡಿದದ್ದೂ ಉಂಟು. ಹದಿನಾರನೆಯ ಶತಮಾನದಲ್ಲಿ ಸರ್ ಜಾನ್ ಚೀಕ್ ಎಂಬ ಗ್ರೀಕ್ ಪಂಡಿತನು ಮತ್ತಾಯನ ಸುವಾರ್ತೆಯನ್ನು ಭಾಷಾಂತರಿಸುವಾಗ ‘ಸೆಂಚುರಿಯನ್’ಗೆ ‘ಹಂಡ್ರೆಡರ್’ ಎಂದೂ, ‘ರೆಸರೆಕ್ಷನ್’ಗೆ ‘ಗೇನ್‌ರೈಸಿಂಗ್’ ಎಂದೂ, ‘ಲ್ಯೂನಟಿಕ್’ಗೆ ‘ಮೂನ್ಡ್’ ಎಂದೂ ಬರೆದನು. ಹತ್ತೊಂಬತ್ತನೆಯ ಶತಮಾನದಲ್ಲಿ ಡಾರ್ಸೆಟ್ ಪ್ರಾಂತದ ಕವಿ ವಿಲಿಯಂ ಬಾರ್ನ್ಸ್ (೧೮೦೧-೧೮೮೬) ಇನ್ನೂ ಮುಂದೆ ಹೋಗಿ ವ್ಯಾಕರಣವನ್ನು ‘ಸ್ಪೀಚ್‌ಕ್ರಾಫ್ಟ್’ ಎಂದೂ, ಆಮ್ನಿಬಸ್ಸನ್ನು ‘ಫೋಕ್‌ವೇನ್’ ಎಂದೂ ಕರೆಯಬಯಸಿದನು. ಕನ್ನಡ ವಾಚಕರಿಗೆ ಇಲ್ಲಿ ಆಂಡಯ್ಯನ ನೆನಪು ಬಾರದಿರದು. ಹದಿಮೂರನೆಯ ಶತಮಾನದಲ್ಲಿ ಅವನು ತತ್ಸಮಗಳನ್ನು ದೂರವಿರಿಸಿ ದೇಶ್ಯ ತದ್ಭವಗಳಿಂದಲೇ ‘ಕಬ್ಬಿಗರ ಕಾವ’ವನ್ನು ಕಟ್ಟಿದನು. ಆದರೆ ಇವರ ಗತಿ ಒಂದೇ ಬಗೆಯದಲ್ಲ. ಆಂಡಯ್ಯನದು ಒಂದು ಕಾವ್ಯದ ಮಟ್ಟಿನ ವ್ರತ. ಆ ಕಾವ್ಯವನ್ನು ನಾವು ಇಂದಿಗೂ ಓದುತ್ತೇವೆ. ಬಾರ್ನ್ಸನದು ಇಡೀ ದೇಶದ ಮಾತಿಗೆ ವಿಧಿಸಿದ ವ್ರತ. ದೇಶ ಅದನ್ನು ಕೈಗೊಳ್ಳಲಿಲ್ಲ. ಅವನ ಕೀರ್ತಿ ಉಳಿದಿರುವುದು ಡಾರ್ಸೆಟ್ಟಿನ ಆಡುನುಡಿಯಲ್ಲಿ ಬರೆದ ಕವಿತೆಗಳಿಂದ. ಈ ಬಗೆಯ ಶಬ್ದಗಳಲ್ಲಿ ಗೆದ್ದು ನಿಂತವೂ ಇಲ್ಲದಿಲ್ಲ. ವಿಲಿಯಂ ಥಾಮ್ಸ್ ೧೮೪೬ರಲ್ಲಿ ಟಂಕಿಸಿದ ‘ಫೋಕ್‌ಲೋರ್’ ಇಂದು ಲೋಕವ್ಯಾಪಿಯಾಗಿದೆ. ನಮ್ಮ ‘ಜಾನಪದ’ಕ್ಕೆ ಇಂಗ್ಲಿಷಿನಲ್ಲಿ ಹೇಳುವುದೇ ಅದು.

ಬೆರಕೆಯ ವಿಷಯದಲ್ಲಿ ಎರಡು ಭಾಷೆಗಳ ಸಂಪ್ರದಾಯ ಬೇರೆಬೇರೆ. ಹನ್ನೆರಡನೆಯ ಶತಮಾನದ ಮೊದಲಲ್ಲಿ ‘ಧರ್ಮಾಮೃತ’ವನ್ನು ರಚಿಸಿದ ನಯಸೇನನು ಕನ್ನಡದಲ್ಲಿ ಸಂಸ್ಕೃತವನ್ನು ಬೆರಸುವುದನ್ನು ತುಪ್ಪಕ್ಕೆ ಎಣ್ಣೆ ಬೆರಸಿದಂತೆಂದು ಹಳಿದನು. ಕನ್ನಡ ಸಂಸ್ಕೃತಗಳನ್ನು ಒಂದೇ ಸಮಾಸದಲ್ಲಿ ಕೂಡಿಸುವುದನ್ನು ವೈಯಾಕರಣರು ‘ಅರಿಸಮಾಸ’ವೆಂದು ಕರೆದು, ಕೆಲವು ವಿನಾಯಿತಿಗಳೊಡನೆ ನಿಷೇಧಿಸಿದರು. ಇಂಗ್ಲಿಷಿನಲ್ಲಿ ಇಂತಹ ಕಟ್ಟಳೆ ನೆಲೆಯೂರಲಿಲ್ಲ. ಫ್ರೆಂಚಿನ ‘ಬ್ಯೂಟಿ’ಗೆ ದೇಸಿ ಪ್ರತ್ಯಯ ಹತ್ತಿ ‘ಬ್ಯೂಟಿಫುಲ್’ ಆಯಿತು; ದೇಸಿ ‘ಟಾಕ್’ಗೆ ಲ್ಯಾಟಿನ್ ಬಾಲ ಬೆಳೆದು ‘ಟಾಕಟಿವ್’ ಆಯಿತು; ಗ್ರೀಕ್ ತಲೆಗೆ ಲ್ಯಾಟಿನ್ ದೇಹ ಸೇರಿ ‘ಟೆಲಿವಿಷನ್’ ಹುಟ್ಟಿತು. ಕೇಶಿರಾಜನ ದೃಷ್ಟಿಯಲ್ಲಿ ಇಂಗ್ಲಿಷ್ ನಿಘಂಟಿನ ಬಹುಭಾಗ ಅರಿಗಳ ಸಂಧಾನವೇ ಸರಿ. ಕನ್ನಡವೂ ಆಡುಮಾತಿನಲ್ಲಿ ಈ ನಿಷೇಧವನ್ನು ಎಂದೂ ಪೂರ್ತಿಯಾಗಿ ಪಾಲಿಸಲಿಲ್ಲ. ವಿಶೇಷವಾಗಿ ಕಾನೂನಿನ ಭಾಷೆಯನ್ನು ನೋಡಬೇಕು. ಎರಡು ನುಡಿಗಳ ಕಕ್ಷಿಗಾರರಿಗೂ ತಿಳಿಯಲೆಂದೋ, ಸಂದಿಗ್ಧಕ್ಕೆ ಎಡೆಯಿರಬಾರದೆಂದೋ, ಅಥವಾ ಬರಿಯ ಲಯದ ಆಸೆಯಿಂದಲೋ ಇಂಗ್ಲಿಷ್ ವಕೀಲರು ದೇಸಿ ‘ವಿಲ್’ನೊಡನೆ ಲ್ಯಾಟಿನ್ ಮೂಲದ ‘ಟೆಸ್ಟಮೆಂಟ್’ ಎಂಬುದನ್ನೂ, ‘ಗೂಡ್ಸ್’ನೊಡನೆ ಮೇಲೆ ಹೇಳಿದ ‘ಚ್ಯಾಟೆಲ್ಸ್’ ಎಂಬುದನ್ನೂ ಜೋಡಿಸಿದರು. ನಮ್ಮ ಪತ್ರಬರಹಗಾರರ ‘ಹಕ್ಕುಬಾಧ್ಯತೆ’ಯಲ್ಲಿ ಅರಬ್ಬಿಯೂ ಸಂಸ್ಕೃತವೂ, ‘ಕಾಗದಪತ್ರ’ದಲ್ಲಿ ಪಾರಸಿಯೂ ಸಂಸ್ಕೃತವೂ ಅದೇ ರೀತಿ ಕೈಕೈ ಹಿಡಿದಿವೆ. ಇಂತಹ ಜೋಡಿಗಳು ದಸ್ತೈವಜಿನಲ್ಲಿ ಶೋಭಿಸುತ್ತವೆ. ಅವು ಕಥೆಯಲ್ಲಿ ಬಂದರೆ, ಮಾತನಾಡುವವನು ಶ್ಯಾನುಭೋಗನೆಂದು ಹೇಳದೆಯೇ ಗೊತ್ತಾಗುತ್ತದೆ. ಆ ಉಪಯೋಗವನ್ನು ಕಥೆಗಾರನು ಬಿಡಬಾರದು.

ಶಬ್ದವು ಯಾವ ಕುಲದ್ದೆಂದು ತಿಳಿದರೆ ಸಾಲದು, ಅದು ನಡೆದುಬಂದ ದಾರಿಯನ್ನೂ ನೋಡಬೇಕು. ‘ನೈಸ್’ ಎಂಬುದು ಅಜ್ಞನೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಹೊರಟು, ಮೂರ್ಖನೆಂದಾಗಿ, ಆಮೇಲೆ ಅತಿ ನಾಜೂಕೆಂದಾಗಿ, ಕೊನೆಗೆ ಏನನ್ನೂ ಹೇಳದ ಹೊಗಳಿಕೆಯಾಗಿ ನಿಂತಿದೆ. ‘ಸಿಲಿ’ ಒಂದು ಕಾಲಕ್ಕೆ ಧನ್ಯನೆಂಬ ಅರ್ಥವುಳ್ಳದ್ದು. ನಿಷ್ಕಪಟಿ, ದೀನ ಎಂಬ ಅರ್ಥಗಳ ಮೂಲಕ ಇಳಿದು ದಡ್ಡನೆಂಬಲ್ಲಿಗೆ ಬಂದಿತು. ‘ಡಿಯರ್’ ಎಂಬ ಜಿಂಕೆಯ ಹೆಸರು ಹಳೆಯ ಇಂಗ್ಲಿಷಿನಲ್ಲಿ ಯಾವ ಕಾಡುಪ್ರಾಣಿಗಾದರೂ ಸಲ್ಲುತ್ತಿತ್ತು. ಸಂಸ್ಕೃತದ ‘ಮೃಗ’ಕ್ಕೆ ಈ ಎರಡು ಅರ್ಥಗಳೂ ಇರುವುದನ್ನು ನೆನೆದರೆ ಇದು ಸೋಜಿಗವೆನಿಸುವುದಿಲ್ಲ: ‘ಮೃಗಾಲಯ’ದಲ್ಲಿ ಸಿಂಹವೂ ಉಂಟು, ‘ಮೃಗನಯನೆ’ಯ ಕಣ್ಣು ಮಾತ್ರ ಜಿಂಕೆಯದೇ. ಇನ್ನೂ ಸ್ವಾರಸ್ಯವಾದದ್ದು ‘ಸ್ಟಿಂಕ್’. ಹಳೆಯ ಇಂಗ್ಲಿಷಿನಲ್ಲಿ ಇದಕ್ಕೆ ವಾಸನೆ ಬೀರುವುದೆಂದಷ್ಟೇ ಅರ್ಥ; ಹೂವಿನ ಕಂಪಿಗೂ ಅದು ಸಲ್ಲುತ್ತಿತ್ತು. ಕನ್ನಡದ ‘ನಾರು’, ‘ನಾತ’ಗಳ ಕಥೆಯೂ ಇದೇ. ಪ್ರಾಚೀನ ಪ್ರಯೋಗಗಳಲ್ಲಿ ಪರಿಮಳಕ್ಕೂ ಒಪ್ಪುತ್ತಿದ್ದ ಮಾತು ಇಂದು ದುರ್ಗಂಧಕ್ಕೇ ಮೀಸಲು. ಪರಸ್ಪರ ಪರಿಚಯವಿಲ್ಲದ ಎರಡು ಭಾಷೆಗಳು ಒಂದೇ ಹಾದಿಯಲ್ಲಿ ಜಾರಿದುದು ಮನುಷ್ಯನ ಮೂಗಿನ ವಿಷಯದಲ್ಲಿ ಏನನ್ನೋ ಹೇಳುತ್ತಿರಬೇಕು.

ವಿರುದ್ಧಾರ್ಥಗಳನ್ನು ಹೊತ್ತ ಶಬ್ದಗಳೂ ಇದೇ ಜಾತಿಯವು. ‘ಕ್ಲೀವ್’ ಎಂದರೆ ಸೀಳುವುದೂ ಹೌದು, ಅಂಟಿಕೊಳ್ಳುವುದೂ ಹೌದು. ಬೇರೆಬೇರೆಯಾಗಿದ್ದ ಎರಡು ಹಳೆಯ ಕ್ರಿಯಾಪದಗಳು ಉಚ್ಚಾರಣೆ ಸವೆದು ಒಂದಾದುದರ ಫಲವಿದು. ‘ಲೆಟ್’ ಎಂಬುದು ಬಿಡು ಎಂಬ ಅರ್ಥದ್ದಾದರೂ, ತಡೆ ಎಂಬ ಅರ್ಥದ ಇನ್ನೊಂದು ‘ಲೆಟ್’ ಅದರ ನೆರಳಿನಲ್ಲಿ ಇಂದಿಗೂ ಬದುಕಿದೆ. ಭಾರತದ ಪಾಸ್‌ಪೋರ್ಟಿನಲ್ಲಿ ಪ್ರಯಾಣಿಕನನ್ನು ಅಡ್ಡಿಯಿಲ್ಲದೆ ಹೋಗಗೊಡಬೇಕೆಂದು ಕೋರುವ ವಾಕ್ಯದಲ್ಲಿ ‘ಹಿಂಡ್ರೆನ್ಸ್’ ಎಂಬುದರ ಜೊತೆಗೆ ನಿಂತಿರುವುದು ಈ ಎರಡನೆಯ ‘ಲೆಟ್’. ಕಾಗುಣಿತದ ವೈಚಿತ್ರ್ಯಗಳ ಮಾತು ಬೇರೆ. ಅವುಗಳಲ್ಲಿ ಬಹಳ ಮಟ್ಟಿಗೆ ಮುದ್ರಕರ ಮತ್ತು ಪಂಡಿತರ ಕೈವಾಡವಿದೆ. ‘ಡೆಟ್’ ಶಬ್ದದಲ್ಲಿ ಉಚ್ಚಾರಣೆಗೆ ಬಾರದ ಬಕಾರವನ್ನು ಲ್ಯಾಟಿನ್ ಮೂಲದ ಅಭಿಮಾನಿಗಳು ಆಮೇಲೆ ತುರುಕಿದರು. ‘ಐಲೆಂಡ್’ ಶಬ್ದದ ಸಕಾರವಂತೂ ಸಂಬಂಧವೇ ಇಲ್ಲದ ಲ್ಯಾಟಿನ್ ಕುಲವನ್ನು ಹೇಳಿಕೊಳ್ಳುವ ಸುಳ್ಳು ಬಿರುದು.

ಪರ್ಯಾಯಪದಗಳ ಕೋಶವನ್ನು ಮುಂದಿಟ್ಟುಕೊಂಡು ಬರೆಯುವ ಅಭ್ಯಾಸದ ಬಗೆಗೆ ಒಂದು ಮಾತು. ಪೀಟರ್ ಮಾರ್ಕ್ ರಾಜೆಯು ೧೮೫೨ರಲ್ಲಿ ಪ್ರಕಟಿಸಿದ ‘ಥಿಸಾರಸ್’ ಶಬ್ದಗಳನ್ನು ಅಕಾರಾದಿಯಾಗಿ ಜೋಡಿಸದೆ ಭಾವಗಳಿಗೆ ಅನುಸಾರವಾಗಿ ವರ್ಗೀಕರಿಸಿತು. ಈ ಮಾರ್ಗದಲ್ಲಿ ತನಗಿಂತ ಮೊದಲು ನಡೆದವರನ್ನು ಪೀಠಿಕೆಯಲ್ಲಿ ಹೆಸರಿಸುವಾಗ ಅವನು ಎಲ್ಲಕ್ಕೂ ಮೊದಲು ಹೇಳುವುದು ನಮ್ಮ ‘ಅಮರಕೋಶ’ವನ್ನು, ೧೮೦೮ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾದ ಕೋಲ್‌ಬ್ರೂಕ್‌ನ ಆವೃತ್ತಿ ಅವನಿಗೆ ತಿಳಿದಿತ್ತು. ಅಮರಸಿಂಹನ ವರ್ಗೀಕರಣ ಅಪೂರ್ಣ, ಗೊಂದಲಮಯ ಎಂಬ ಟೀಕೆಯನ್ನೂ ಅವನು ಸೇರಿಸುತ್ತಾನೆ. ಇದು ಅಷ್ಟು ನ್ಯಾಯವಲ್ಲ. ಅಮರಕೋಶವನ್ನು ಬಾಯಿಪಾಠ ಮಾಡಿದ ಬಾಲಕನು ಅದರ ಜೊತೆಗೆ ಕಾವ್ಯಗಳನ್ನು ಓದುತ್ತಿದ್ದನು. ಯಾವ ಹೆಸರು ಎಲ್ಲಿ ಒಪ್ಪುತ್ತದೆಂಬುದನ್ನು ಕಾಳಿದಾಸನು ಅವನಿಗೆ ಕಲಿಸುತ್ತಿದ್ದನು. ರಾಜೆಯ ಕೋಶವನ್ನು ಕಾವ್ಯದ ಜೊತೆಯಿಲ್ಲದೆ ಕೈಗೆತ್ತಿಕೊಂಡವನಿಗೆ ಒಂದೇ ಪಂಕ್ತಿಯಲ್ಲಿ ಕುಳಿತ ಶಬ್ದಗಳೆಲ್ಲ ಒಂದೇ ಎಂದು ತೋರುವುದು ಸಹಜ.

ಹಾಗಾದರೆ ಚಿಕ್ಕ ದೇಸಿ ಶಬ್ದವನ್ನೇ ಆರಿಸಬೇಕೆಂದು ನಿಯಮ ಮಾಡಬಹುದೇ? ಫೌಲರ್ ಸಹೋದರರು ೧೯೦೬ರಲ್ಲಿ ಇಂತಹ ನಿಯಮವನ್ನೇ ವಿಧಿಸಿದರು. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಜಾರ್ಜ್ ಆರ್ವೆಲ್ಲನು ೧೯೪೬ರ ತನ್ನ ಪ್ರಸಿದ್ಧ ಪ್ರಬಂಧದಲ್ಲಿ, ರಾಜಕಾರಣಿಗಳು ಕ್ರೌರ್ಯವನ್ನು ಮುಚ್ಚಲು ಲ್ಯಾಟಿನ್ ಶಬ್ದಗಳನ್ನು ಹಿಮದಂತೆ ಸುರಿಯುತ್ತಾರೆಂದು ತೋರಿಸಿ, ಚಿಕ್ಕ ಶಬ್ದದ ಪಕ್ಷವನ್ನು ವಹಿಸಿದನು. ಅವನ ಕೋಪ ನ್ಯಾಯವಾದದ್ದು. ನಿಯಮ ಮಾತ್ರ ಒರಟು. ‘ಫೇಸ್’, ‘ರಿವರ್’, ‘ಚೇರ್’, ‘ಕ್ರೈ’, ‘ಪೂರ್’ ಇವೆಲ್ಲ ಫ್ರೆಂಚಿನಿಂದ ಬಂದವು. ಆದರೂ ಇವಕ್ಕಿಂತ ಮನೆಯ ಶಬ್ದಗಳು ಇಂಗ್ಲಿಷಿನಲ್ಲಿಲ್ಲ. ‘ಸುಖ’, ‘ದುಃಖ’ಗಳು ಸಂಸ್ಕೃತವೆಂದೂ, ‘ರಸ್ತೆ’ ಪಾರಸಿಯೆಂದೂ, ‘ಮೇಜು’ ಪೋರ್ಚುಗೀಸಿನ ಸಂಬಂಧದ್ದೆಂದೂ ನಮ್ಮ ಹಳ್ಳಿಯ ಮುದುಕಿಗೆ ಗೊತ್ತಿಲ್ಲ. ಶಬ್ದದ ಕುಲಕ್ಕಿಂತ ಅದು ಮನೆಯಲ್ಲಿ ಎಷ್ಟು ಕಾಲ ಇದ್ದಿತೆಂಬುದು ಮುಖ್ಯ. ಮ್ಯಾಕ್‌ಬೆತ್ತನ ಬಾಯಿಂದ ಆ ಎರಡು ಉದ್ದ ಶಬ್ದಗಳನ್ನು ಕಿತ್ತುಹಾಕಿದರೆ ಮುಂದಿನ ಸಾಲಿನ ಪೆಟ್ಟೂ ಹೋಗುತ್ತದೆ.

ಕನ್ನಡ ನಾಡಿನ ಇಬ್ಬರು ಲೇಖಕರು ಈ ಸಮಸ್ಯೆಯನ್ನು ಎರಡು ದಿಕ್ಕುಗಳಿಂದ ಎದುರಿಸಿದರು. ಹಾಸನದಲ್ಲಿ ಹುಟ್ಟಿದ ರಾಜಾರಾಯರು ೧೯೩೮ರಲ್ಲಿ ‘ಕಾಂತಾಪುರ’ವನ್ನು ಇಂಗ್ಲಿಷಿನಲ್ಲಿ ಬರೆದಾಗ ಕನ್ನಡ ಹಳ್ಳಿಯ ಮುದುಕಿಯೊಬ್ಬಳು ಕಥೆ ಹೇಳುವ ಇಂಗ್ಲಿಷನ್ನು ಸೃಷ್ಟಿಸಬೇಕಾಯಿತು. ಅವರ ‘ಕಾರ್ನರ್‌ಹೌಸ್ ಮೂರ್ತಿ’, ‘ವಾಟರ್‌ಫಾಲ್ ವೆಂಕಮ್ಮ’ ಎಂಬ ಹೆಸರುಗಳು ಇಂಗ್ಲಿಷ್ ಕಿವಿಗೆ ವಿಚಿತ್ರ. ಮೂಲೆಮನೆಯವರೆಂದೂ ಹೊಳೆಯಾಚೆಯವರೆಂದೂ ಜನರನ್ನು ಗುರುತಿಸುವ ನಮಗೆ ಅದು ನಿತ್ಯದ ಮಾತು. ಬೇರೆ ಯಾವ ಬಗೆಯ ಶಬ್ದಗಳಿಂದಲೂ ಈ ಹೆಸರುಗಳನ್ನು ಮಾಡಲಾಗುತ್ತಿರಲಿಲ್ಲ; ‘ಕ್ಯಾಟರ್ಯಾಕ್ಟ್ ವೆಂಕಮ್ಮ’ ಎಂದು ಹೇಳಿ ನೋಡಿದರೆ ಸಾಕು. ಇನ್ನೊಬ್ಬರು ಬಿ. ಎಂ. ಶ್ರೀಕಂಠಯ್ಯನವರು. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಅವರು ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ, ನ್ಯೂಮನ್ ೧೮೩೩ರಲ್ಲಿ ರಚಿಸಿದ ‘ಲೀಡ್ ಕೈಂಡ್ಲಿ ಲೈಟ್’ ಪ್ರಾರ್ಥನೆಯನ್ನು ‘ಕರುಣಾಳು, ಬಾ ಬೆಳಕೆ’ ಎಂದು ಕನ್ನಡಿಸಿದರು. ಇಂಗ್ಲಿಷಿನ ಮೂರೂ ಶಬ್ದಗಳು ತಳದ ಪದರದವು. ಕನ್ನಡದಲ್ಲಿ ‘ಬಾ’, ‘ಬೆಳಕು’ ದೇಶ್ಯ. ‘ಕರುಣಾಳು’ ಮಾತ್ರ ಸಂಸ್ಕೃತಮೂಲದ್ದು. ಇದು ಸೋಲೆಂದು ನಮಗೆ ತೋರುವುದಿಲ್ಲ. ‘ಕೈಂಡ್’ ಶಬ್ದವು ಕುಲ, ಬಂಧುತ್ವ ಎಂಬ ಅರ್ಥದ ‘ಕಿನ್’ ಶಬ್ದದ ಬಳಗ. ತನ್ನವರಲ್ಲಿ ತೋರುವ ಸಹಜವಾದ ಮಮತೆಯೆಂಬುದು ಅದರ ಒಡಲಿನ ಅರ್ಥ. ಈ ಬಂಧುತ್ವದ ಎಳೆಯನ್ನು ಕನ್ನಡದ ಒಂದು ಶಬ್ದದಲ್ಲಿ ಹಿಡಿಯುವುದು ಸಾಧ್ಯವಿರಲಿಲ್ಲ. ಅದನ್ನು ಬಿಟ್ಟುಕೊಟ್ಟು, ನಮ್ಮ ಭಕ್ತರು ದೇವರನ್ನು ಕರೆದು ಕರೆದು ಮನೆಯದಾಗಿಸಿದ್ದ ಸಂಸ್ಕೃತ ಶಬ್ದವೊಂದನ್ನು ಅವರು ಆರಿಸಿಕೊಂಡರು. ಮೇಲಾಗಿ ‘ನಡಸು’ ಎಂಬ ಆಜ್ಞೆ ‘ಬಾ’ ಎಂಬ ಕರೆಯಾಗಿ ಮಾರ್ಪಟ್ಟಿದೆ. ಪ್ರಾರ್ಥಿಸುವವನು ಇದ್ದಲ್ಲಿಗೇ ಬೆಳಕು ಬರಬೇಕು.

ತರಗತಿಯಲ್ಲಿ ಮಾಡಿಸಬಹುದಾದ ಒಂದು ಅಭ್ಯಾಸವನ್ನು ಇಲ್ಲಿ ಸೂಚಿಸುತ್ತೇವೆ. ‘ಆಸ್ಕ್’, ‘ಕ್ವೆಶ್ಚನ್’, ‘ಇಂಟೆರೊಗೇಟ್’ ಎಂಬ ಮೂರನ್ನು ಕರಿಹಲಗೆಯ ಮೇಲೆ ಬರೆದು, ತಡವಾಗಿ ಮನೆಗೆ ಬಂದ ಮಗನನ್ನು ತಾಯಿಯೂ, ಅಧ್ಯಾಪಕನೂ, ಪೋಲೀಸಿನವನೂ ಮಾತನಾಡಿಸುವ ಒಂದೊಂದು ವಾಕ್ಯವನ್ನು ವಿದ್ಯಾರ್ಥಿಗಳಿಂದ ಬರೆಸಬೇಕು. ಆಮೇಲೆ ಆ ಶಬ್ದಗಳನ್ನು ಅದಲುಬದಲು ಮಾಡಿಸಬೇಕು. ತಾಯಿ ಮಗನನ್ನು ‘ಇಂಟೆರೊಗೇಟ್’ ಮಾಡಿದಳೆಂದ ಕೂಡಲೆ ಕಥೆಯೊಂದು ಹುಟ್ಟಿಕೊಳ್ಳುವುದನ್ನು ಅವರೇ ಕಾಣುತ್ತಾರೆ. ಮೂರನೆಯ ಹಂತದಲ್ಲಿ ಅದನ್ನು ಕನ್ನಡದಲ್ಲಿ ಬರೆಸಬೇಕು. ಅಲ್ಲಿ ‘ಪ್ರಶ್ನಿಸಿದಳು’, ‘ವಿಚಾರಿಸಿದಳು’ ಎಂಬುವು ಸಿಕ್ಕುತ್ತವೆ. ಜೊತೆಗೆ ಇಂಗ್ಲಿಷಿನಲ್ಲಿಲ್ಲದ ಒಂದು ವೈಚಿತ್ರ್ಯವೂ ಎದುರಾಗುತ್ತದೆ. ಕನ್ನಡದ ‘ಕೇಳು’ ಪ್ರಶ್ನಿಸುವುದೂ ಹೌದು, ಕಿವಿಗೊಡುವುದೂ ಹೌದು. ‘ತಾಯಿ ಎಲ್ಲವನ್ನೂ ಕೇಳಿದಳು’ ಎಂಬ ವಾಕ್ಯದಲ್ಲಿ ಆಕೆ ಬಾಯಿ ತೆರೆದಳೋ, ಸುಮ್ಮನೆ ಕುಳಿತು ಆಲಿಸಿದಳೋ ಎಂಬುದನ್ನು ಶಬ್ದವು ಹೇಳುವುದಿಲ್ಲ. ಇದನ್ನು ಇಂಗ್ಲಿಷಿಗೆ ತಿರುಗಿಸಲು ಹೊರಟವನು ಎರಡರಲ್ಲಿ ಒಂದನ್ನು ಆರಿಸಲೇಬೇಕು.